ಮಗಳನ್ನು ಚರ್ಚಿನಲ್ಲಿ ಆರ್ಗನ್ ನುಡಿಸಲು ಕೇಳಿದ್ದಾರೆ, ಒಪ್ಪಿಕೊಳ್ಳಬಹುದಾ?

ಪ್ರಶ್ನೆ: ನಾವು ಧಾರವಾಡದವರು. ಮಗಳಿಗೆ 16 ವರ್ಷ. ಏಳು ವರ್ಷದಿಂದ ಕೀಬೋರ್ಡ್ ಕಲಿಯುತ್ತಿದ್ದಾಳೆ, ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯಲ್ಲಿ ಗ್ರೇಡ್ 5 ಮುಗಿದಿದೆ. ನಮ್ಮ ಚರ್ಚಿನ ಸಭೆಯಲ್ಲಿ ನಲವತ್ತು ವರ್ಷ ಆರ್ಗನ್ ನುಡಿಸಿದ ಹಿರಿಯರಿಗೆ ಈಗ ಕೈ ನಡುಗುತ್ತದೆ. ಅಯ್ಯನವರು (ನಮ್ಮ ಪಾದ್ರಿಗಳು) ಇವಳನ್ನು ಕೇಳಿದ್ದಾರೆ. ಅವಳಿಗೆ ಆಸೆ, ನನಗೆ ಭಯ. ಓದು ಹಾಳಾಗುತ್ತಾ? ಮುಂದೆ ಇದರಿಂದ ಹೊಟ್ಟೆಪಾಡು ನಡೆಯುತ್ತಾ? ನಮ್ಮೂರಲ್ಲಿ ಎಲ್ಲಿ ನೋಡಿದರೂ ಹಿಂದೂಸ್ತಾನಿ ಸಂಗೀತದವರು, ಇವಳು ಒಬ್ಬಂಟಿ ಆಗಲ್ವಾ? ಆರ್ಗನಿಸ್ಟ್ ಬದುಕು ನಿಜವಾಗಿ ಹೇಗಿರುತ್ತೆ ಅಂತ ಬಿಡಿಸಿ ಹೇಳಿ.

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ವಿವರ ಆಮೇಲೆ. ಒಪ್ಪಿಕೊಳ್ಳಿ. ಆದರೆ ಎರಡು ಮಾತು ಮೊದಲೇ ಆಡಿಕೊಂಡು ಒಪ್ಪಿಕೊಳ್ಳಿ. ಮೊದಲ ವರ್ಷ ತಿಂಗಳಿಗೆ ಎರಡೇ ಭಾನುವಾರ ಅವಳದ್ದು. ಮತ್ತೆ ಆ ಎರಡು ಭಾನುವಾರವೂ ನಿಮ್ಮ ಹಿರಿಯರು ಅವಳ ಪಕ್ಕದಲ್ಲೇ ಕೂತಿರಬೇಕು. ಅವರ ಕೈ ನಡುಗಬಹುದು, ಕಿವಿ ನಡುಗಲ್ಲ. ಈ ಕೆಲಸ ಇರುವುದೇ ಕಿವಿಯಲ್ಲಿ.

ನಾನು ಶುರು ಮಾಡಿದ್ದು ಹದಿನೈದನೇ ವಯಸ್ಸಿಗೆ, ಕರಾವಳಿಯ ಒಂದು ಸಣ್ಣ ಕನ್ನಡ ಸಭೆಯಲ್ಲಿ, ಕಾಲಿನಿಂದ ತುಳಿದು ಗಾಳಿ ತುಂಬಿದರೆ ಒಳಗಿನ ಲೋಹದ ನಾಲಗೆಗಳು (ರೀಡ್) ನುಡಿಯುವ ಹಳೇ ರೀಡ್ ಆರ್ಗನ್ ಮೇಲೆ. ಈಗ 34 ವರ್ಷ ಆಯಿತು. ಮಧ್ಯೆ ಎರಡು ವರ್ಷ ಕೆಲಸದ ಮೇಲೆ ನಿಮ್ಮ ಧಾರವಾಡದಲ್ಲೂ ಇದ್ದೆ. ಈಗ ಬೆಂಗಳೂರಿನಲ್ಲಿದ್ದೇನೆ, ಭಾನುವಾರ ಬೆಳಿಗ್ಗೆ ಅದೇ ಕೆಲಸ. ಗ್ರೇಡ್ 5 ಮುಗಿಸಿದ ಹುಡುಗಿ ಅಂದಮೇಲೆ ಅವಳ ಬೆರಳಿನ ಬಗ್ಗೆ ನನಗೆ ಚಿಂತೆ ಇಲ್ಲ. ಅಷ್ಟು ಬೆರಳು ಸಾಕು. ಅವಳು ಹೊಸದಾಗಿ ಕಲಿಯಬೇಕಾದದ್ದು ಬೇರೆ ಇದೆ.

ಪರೀಕ್ಷೆಯಲ್ಲಿ ಅವಳು ನುಡಿಸುತ್ತಾಳೆ, ಎದುರು ಕೂತವರು ಕೇಳುತ್ತಾರೆ. ಚರ್ಚಿನಲ್ಲಿ ಹಾಗಲ್ಲ. ಅಲ್ಲಿ ಇನ್ನೂರು ಜನ ಹಾಡುತ್ತಾರೆ, ಇವಳು ಹಾಡಿಸಬೇಕು. ಅವರಲ್ಲಿ ಎಂಬತ್ತು ದಾಟಿದ ಅಜ್ಜಿ ಇರುತ್ತಾರೆ, ಸಾಲು ಮುಗಿಯುವ ಮೊದಲೇ ಅವರ ಉಸಿರು ಮುಗಿಯುತ್ತೆ. ಶ್ರುತಿಗೆ ಸೇರದ, ಆದರೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವ ಹಿರಿಯರು ಇರುತ್ತಾರೆ. ಅಕ್ಷರ ಈಗಷ್ಟೇ ಕಲಿತ ಮಗು ಇರುತ್ತೆ. ಇವರೆಲ್ಲ ಒಂದೇ ಸಲ ಬಾಯಿ ತೆರೆಯಬೇಕು, ಒಂದೇ ಸಲ ಉಸಿರು ತೆಗೆದುಕೊಳ್ಳಬೇಕು. ಕೈ ಬೀಸಿ ತೋರಿಸುವವರು ಯಾರೂ ಇಲ್ಲ. ಎಲ್ಲವನ್ನೂ ಆರ್ಗನ್ನಿನ ಶಬ್ದದಲ್ಲೇ ಹೇಳಬೇಕು.

ಹೊಸಬರು ಎಡವುವ ಜಾಗ ಒಂದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಭೆ ಹಿಂದೆ ಬಿದ್ದಂತೆ ಅನ್ನಿಸುತ್ತೆ. ಪಾಪ, ಕಾಯೋಣ ಅಂತ ನುಡಿಸುವವರೂ ನಿಧಾನ ಮಾಡುತ್ತಾರೆ. ಸಭೆ ಇನ್ನೂ ನಿಧಾನ ಆಗುತ್ತೆ. ಮೂರನೇ ಚರಣದ ಹೊತ್ತಿಗೆ ಹಾಡು ಗಾಡಿ ಎಳೆದ ಹಾಗೆ ಆಗಿರುತ್ತೆ, ಎಲ್ಲರಿಗೂ ಸುಸ್ತು. ಇದರಲ್ಲಿ ಸಭೆಯವರ ತಪ್ಪು ಏನೂ ಇಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಚರ್ಚು 30 ಮೀಟರ್ ಉದ್ದ ಇದ್ದರೆ ಕೊನೇ ಬೆಂಚಿಗೆ ಆರ್ಗನ್ ಮುಟ್ಟುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ಹತ್ತಿರ ಹತ್ತಿರ ಕಳೆದಿರುತ್ತೆ. ಅವರು ಹಾಡಿದ್ದು ತಿರುಗಿ ಆರ್ಗನ್ ಹತ್ತಿರ ಬರಲು ಮತ್ತೆ ಅಷ್ಟೇ ಹೊತ್ತು. ಅಂದರೆ ಅವರು ತಾಳಕ್ಕೆ ಸರಿಯಾಗೇ ಹಾಡುತ್ತಿದ್ದರೂ ನಿಮ್ಮ ಮಗಳ ಕಿವಿಗೆ ಅದು ಹಿಂದೆ ಬಿದ್ದ ಹಾಗೆ ಕೇಳುತ್ತೆ. ಆ ದನಿಗೆ ಕಾದರೆ ಕೆಟ್ಟಿತು. ಅವಳ ಲಯ ಅವಳ ಒಳಗೇ ಗಟ್ಟಿ ಇರಬೇಕು.

ಹಾಗಂತ ಯಾರಿಗೂ ಕಾಯದೆ ಓಡುವುದೂ ಅಲ್ಲ. ನನಗೆ ಕಲಿಸಿದವರು ಒಂದು ಮಾತು ಹೇಳುತ್ತಿದ್ದರು, ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದೇನೆ: ಸಾಲಿನ ಒಳಗೆ ಕಾಯಬೇಡ, ಸಾಲಿನ ಕೊನೆಯಲ್ಲಿ ಕಾಯಿ. ಸಾಲು ಮುಗಿದ ಜಾಗದಲ್ಲಿ ಕೈ ಎತ್ತಬೇಕು. ನಿಜವಾಗಿ ಎತ್ತಬೇಕು, ಶಬ್ದ ಪೂರ್ತಿ ನಿಲ್ಲಬೇಕು. ಆ ಸಣ್ಣ ಖಾಲಿ ಜಾಗದಲ್ಲಿ ಇನ್ನೂರು ಜನ ಉಸಿರು ಎಳೆದುಕೊಳ್ಳುವುದು ಕೇಳುತ್ತೆ. ಸುಮ್ನೆ ಹೇಳುತ್ತಿಲ್ಲ, ನಿಜಕ್ಕೂ ಕೇಳುತ್ತೆ, ತೆರೆ ಹಿಂದಕ್ಕೆ ಸರಿಯುವ ಹಾಗೆ. ಅದು ಕೇಳಿದ ದಿನ ನಿಮ್ಮ ಮಗಳು ಆರ್ಗನಿಸ್ಟ್ ಆದಳು ಅಂತ ಲೆಕ್ಕ.

ಇದನ್ನು ಕಲಿಯಲು ದಾರಿ ತುಂಬ ಸರಳ. ನುಡಿಸುವಾಗ ಅವಳೂ ಬಾಯಿಬಿಟ್ಟು ಹಾಡಬೇಕು, ಮನಸ್ಸಿನಲ್ಲಿ ಅಲ್ಲ. ಅವಳಿಗೆ ಉಸಿರು ಬೇಕಾದ ಜಾಗದಲ್ಲೇ ಸಭೆಗೂ ಉಸಿರು ಬೇಕು. ಒಂದು ಚರಣಕ್ಕೂ ಇನ್ನೊಂದಕ್ಕೂ ನಡುವೆ ಬಿಡುವ ಸಮಯ ಪ್ರತಿ ಸಲ ಒಂದೇ ಇರಲಿ. ಒಮ್ಮೆ ಎರಡು ಮಾತ್ರೆ ಬಿಟ್ಟು ಇನ್ನೊಮ್ಮೆ ಐದು ಬಿಟ್ಟರೆ ಅರ್ಧ ಜನ ಮೊದಲೇ ಶುರು ಮಾಡುತ್ತಾರೆ, ಉಳಿದವರು ಅವರನ್ನು ತಿರುಗಿ ನೋಡುತ್ತಾರೆ. ಹಾಡಿನ ಮುಂಚೆ ನುಡಿಸುವ ಸಾಲು ಮುಂದೆ ಹಾಡುವ ವೇಗದಲ್ಲೇ ಇರಬೇಕು. ಸಭೆ ಆ ಒಂದು ಸಾಲಿನಿಂದಲೇ ವೇಗ, ಶ್ರುತಿ, ಭಾವ ಎಲ್ಲ ತಿಳಿದುಕೊಳ್ಳುತ್ತೆ. ಬೆಳಿಗ್ಗೆ ಎಂಟೂವರೆಗೆ ಗಂಟಲು ಇನ್ನೂ ಎದ್ದಿರುವುದಿಲ್ಲ, ಹಾಗಾಗಿ ಮೊದಲ ಹಾಡನ್ನು ಅರ್ಧ ಅಥವಾ ಒಂದು ಸ್ವರ ಇಳಿಸಿಕೊಂಡರೆ ತಪ್ಪಿಲ್ಲ. ಕೀಬೋರ್ಡಿನಲ್ಲಿ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಇದೆ. ಆದರೆ ಹಾಡು ಮುಗಿದ ಮೇಲೆ ಅದನ್ನು ಸೊನ್ನೆಗೆ ತರಲು ಮರೆಯಬಾರದು!

ಇನ್ನು ಒಂದು ವಿಷಯ. ಇದು ಕನ್ನಡ ಸಭೆಯಲ್ಲಿ ನುಡಿಸುವವರಿಗೇ ಬರುವ ಕಷ್ಟ, ಯಾವ ಗ್ರೇಡಿನ ಪುಸ್ತಕದಲ್ಲೂ ಇರಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೂ ಬಂದರು. ಬರುವಾಗ ತಮ್ಮ ಊರಿನ ರಾಗಗಳನ್ನೂ ತಂದರು. ಆ ರಾಗಗಳಿಗೆ ಕನ್ನಡದ ಮಾತು ಕೂಡಿಸಿದರು. ಜರ್ಮನ್ ಮಾತು, ಇಂಗ್ಲಿಷ್ ಮಾತು ಒತ್ತಿನ ಮೇಲೆ ನಡೆಯುತ್ತವೆ. ನಮ್ಮದು ಹಾಗಲ್ಲ, ಲಘು ಗುರು ನೋಡಿ ನಡೆಯುವ ಮಾತು. ಒಂದು ಉದಾಹರಣೆ ಕೊಡುತ್ತೇನೆ. ಹಾಡಿನ ಸಾಲಿನಲ್ಲಿ 'ಬಲ' ಅಂತ ಬಂತು ಅಂದುಕೊಳ್ಳಿ. ರಾಗದಲ್ಲಿ ಆ ಜಾಗಕ್ಕೆ ಎರಡು ಮಾತ್ರೆಯ ಉದ್ದ ಸ್ವರ ಇದೆ, ಅದರ ಮೇಲೆ 'ಬ' ಬಿದ್ದಿದೆ. ಎಳೆದರೆ 'ಬಾಲ' ಆಗುತ್ತೆ. ದೇವರ ಬಲವನ್ನು ಹೊಗಳುವ ಸಾಲು ಏನಾಯಿತು ನೋಡಿ. 'ಕರುಣೆ'ಯ ಮೂರೂ ಅಕ್ಷರ ಲಘು, ಎಲ್ಲಿ ಎಳೆದರೂ ಮಾತು ಸೊಟ್ಟ ಆಗುತ್ತೆ.

ಅದಕ್ಕೆ ಹಳೇ ಆರ್ಗನಿಸ್ಟರು ಒಂದು ಉಪಾಯ ಮಾಡುತ್ತಿದ್ದರು. ಆ ಉದ್ದ ಸ್ವರವನ್ನು ಒಂದೇ ಸಮ ಒತ್ತಿ ಹಿಡಿಯುತ್ತಿರಲಿಲ್ಲ. ಎರಡಾಗಿ ಒಡೆದು, ಎರಡನೇ ಸಲ ಮೆಲ್ಲಗೆ ಮತ್ತೆ ಮುಟ್ಟುತ್ತಿದ್ದರು. ಆ ಎರಡನೇ ಮುಟ್ಟಿಗೆ ಸಭೆ ತಾನಾಗಿ 'ಲ'ಕ್ಕೆ ಬರುತ್ತೆ. ಬ ಒಂದು ಮಾತ್ರೆ, ಲ ಒಂದು ಮಾತ್ರೆ, ಅರ್ಥ ಉಳಿಯಿತು. ಪುಸ್ತಕದಲ್ಲಿ ಹಾಗೆ ಬರೆದಿರುವುದಿಲ್ಲ. ನಿಮ್ಮ ಹಿರಿಯರ ಕೈ ನೋಡಿದರೆ ಯಾವ ಹಾಡಿನ ಯಾವ ಸಾಲಿನಲ್ಲಿ ಹೀಗೆ ಮಾಡುತ್ತಾರೆ ಅಂತ ಗೊತ್ತಾಗುತ್ತೆ. ನಲವತ್ತು ವರ್ಷದ ಈ ವಿದ್ಯೆ ಅವರ ಜೊತೆಗೇ ಹೋಗಿಬಿಡಬಾರದು, ಅದಕ್ಕೇ ಅವರು ಪಕ್ಕದಲ್ಲಿ ಕೂರಬೇಕು ಅಂದೆ. ಅಂದ ಹಾಗೆ, ಕನ್ನಡದ ಮಾತಿನ ಅಳತೆಯನ್ನು ಅದೇ ಮಿಷನ್ನಿನ ಕಿಟ್ಟೆಲ್ ಚೆನ್ನಾಗಿ ಅರಿತಿದ್ದರು. 1853ರಲ್ಲಿ ಬಂದವರು ಕನ್ನಡ ಕಲಿಯಲು ಶುರು ಮಾಡಿದ್ದೇ ನಿಮ್ಮ ಧಾರವಾಡದಲ್ಲಿ. 1894ರ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1875ರಲ್ಲಿ, ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ನಿಮ್ಮ ಮಗಳಿಗೆ ಶಾಲೆಯಲ್ಲಿ ಕಲಿತ ಲಘು ಗುರು ಪ್ರಸ್ತಾರ ನೆನಪಿದ್ದರೆ ಹಾಡಿನ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳಲಿ. ಪರೀಕ್ಷೆ ಮುಗಿದ ಮೇಲೂ ಅದು ಉಪಯೋಗಕ್ಕೆ ಬರುವ ಜಾಗ ಇದು.

ಹದಿನಾರರ ಮಕ್ಕಳಿಗೆ ಇನ್ನೊಂದು ಆಸೆ ಇರುತ್ತೆ. ಕೈ ಬರುತ್ತಿದ್ದ ಹಾಗೇ ಮಧ್ಯೆ ಮಧ್ಯೆ ಹೊಸ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು), ಸುತ್ತು, ಅಲಂಕಾರ ಸೇರಿಸಬೇಕು ಅನ್ನಿಸುತ್ತೆ. ಬೈಯಬೇಡಿ. ಪಾಶ್ಚಾತ್ಯ ಸಂಗೀತದ ದೊಡ್ಡ ಹೆಸರು ಬಾಖ್ ಕೂಡ ಹೀಗೇ ಇದ್ದ. 1703ರಲ್ಲಿ, ಹದಿನೆಂಟನೇ ವಯಸ್ಸಿಗೆ, ಜರ್ಮನಿಯ ಆರ್ನ್‌ಸ್ಟಾಟ್ ಅನ್ನುವ ಸಣ್ಣ ಊರಿನಲ್ಲಿ ಆರ್ಗನಿಸ್ಟ್ ಆದ. 1705ರಲ್ಲಿ ನಾಲ್ಕು ವಾರ ರಜೆ ಕೇಳಿಕೊಂಡು ಸುಮಾರು 400 ಕಿಲೋಮೀಟರ್ ದೂರದ ಲ್ಯೂಬೆಕ್‌ಗೆ ನಡೆದೇ ಹೋದ. ಅಲ್ಲಿ ಬುಕ್ಸ್‌ಟೆಹುಡೆ ಅನ್ನುವ ಹಿರಿಯ ಆರ್ಗನಿಸ್ಟ್ ಇದ್ದರು, ಅವರನ್ನು ಕೇಳಬೇಕು ಅಂತ. ನಾಲ್ಕು ವಾರ ಅಂದವನು ವಾಪಸ್ ಬಂದದ್ದು ಸುಮಾರು ನಾಲ್ಕು ತಿಂಗಳ ಮೇಲೆ. ಬಂದ ಮೇಲೆ ಚರ್ಚಿನ ಆಡಳಿತದವರು ಕರೆಸಿ ಎರಡಕ್ಕೂ ಕೇಳಿದರು. ಇಷ್ಟು ದಿನ ಎಲ್ಲಿದ್ದೆ, ಮತ್ತೆ ಹಾಡಿನ ಮಧ್ಯೆ ವಿಚಿತ್ರ ಸ್ವರ ಸೇರಿಸಿ ಸಭೆಯನ್ನು ಯಾಕೆ ಗಲಿಬಿಲಿ ಮಾಡುತ್ತೀ ಅಂತ. ಬಾಖನಿಗೇ ಈ ಮಾತು ಬಂದಿದೆ ಅಂದಮೇಲೆ ನಮ್ಮ ಮಕ್ಕಳಿಗೆ ಬಂದರೆ ಅವಮಾನ ಅಲ್ಲ. ಅಲಂಕಾರಕ್ಕೆ ಜಾಗ ಇದೆ: ಕಾಣಿಕೆ ತೆಗೆಯುವಾಗ, ಜನ ಒಳಗೆ ಬಂದು ಕೂರುವಾಗ, ಆರಾಧನೆ ಮುಗಿದು ಹೊರಗೆ ಹೋಗುವಾಗ. ಆ ಹೊತ್ತು ಅವಳದ್ದು. ಸಭೆ ಹಾಡುವ ಹೊತ್ತು ಸಭೆಯದ್ದು.

ವಾದ್ಯದ ಬಗ್ಗೆ ನೀವು ಬರೆದಿಲ್ಲ. ಬಹಳ ಕಡೆ ಈಗ ಎಲೆಕ್ಟ್ರಾನಿಕ್ ಕೀಬೋರ್ಡೇ ಇರುವುದು, ಮೂಲೆಯಲ್ಲಿ ಒಂದು ಹಳೇ ಕಾಲುಪೆಟ್ಟಿಗೆ, ಅಂದರೆ ತುಳಿಯುವ ರೀಡ್ ಆರ್ಗನ್, ಬಟ್ಟೆ ಹೊದ್ದು ಕೂತಿರುತ್ತೆ. ನಿಮ್ಮಲ್ಲಿ ಅಂಥದ್ದು ಇದ್ದರೆ ದಯವಿಟ್ಟು ಗುಜರಿಗೆ ಹಾಕಲು ಬಿಡಬೇಡಿ. ನಾನು ಕಲಿತ ಆರ್ಗನ್ನಿನಲ್ಲಿ ಒಂದು ಮಳೆಗಾಲ ಮಧ್ಯದ 'ಜಿ' ಕೀ ಮೂಕ ಆಯಿತು. ಒತ್ತಿದರೆ ಬರೀ ಗಾಳಿ. ನಮ್ಮ ಮಾಸ್ತರು ಹಿಂದಿನ ಹಲಗೆ ತೆಗೆದು, ತುದಿ ಬಗ್ಗಿಸಿದ ತಂತಿಯಿಂದ ಆ ರೀಡನ್ನು ಮೆಲ್ಲಗೆ ಎಳೆದು ಹೊರಗೆ ತೆಗೆದರು. ಬೆರಳುದ್ದದ ಹಿತ್ತಾಳೆ ಚೌಕಟ್ಟು, ಅದರ ಮೇಲೆ ಕಾಗದದಷ್ಟು ತೆಳ್ಳಗಿನ ನಾಲಗೆ. ನಾಲಗೆಯ ಅಡಿಯಲ್ಲಿ ಒಂದು ಹುಳದ ರೆಕ್ಕೆಯ ಚೂರು ಸಿಕ್ಕಿಕೊಂಡಿತ್ತು. ಅಷ್ಟೇ. ಊದಿದರು, ಉಗುರಿನಿಂದ ನಾಲಗೆಯನ್ನು ಒಮ್ಮೆ ಮೀಟಿದರು, ಟಿಣ್ ಅಂತು. ಒಳಗೆ ಹಾಕಿದ ಮೇಲೆ 'ಜಿ' ಮತ್ತೆ ಹಾಡಿತು. ಆವತ್ತಿನಿಂದ ನನಗೆ ಈ ವಾದ್ಯ ಬರೀ ಪೆಟ್ಟಿಗೆ ಅನ್ನಿಸಿಲ್ಲ. ನಿಮ್ಮ ಮಗಳೂ ಒಮ್ಮೆ ಒಳಗೆ ಇಣುಕಿ ನೋಡಲಿ.

ಕಾಲುಪೆಟ್ಟಿಗೆ ಉಳಿಸಿಕೊಳ್ಳಲು ಇನ್ನೊಂದು ಕಾರಣ ಕರೆಂಟು. ಒಂದು ಶುಭ ಶುಕ್ರವಾರ, ಮೂರು ಗಂಟೆ ಹೊತ್ತಿನ ಆರಾಧನೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ನಾಲ್ಕನೆಯದು ಮುಗಿದಿತ್ತು. ಕರೆಂಟು ಹೋಯಿತು. ಜನರೇಟರ್ ಹತ್ತಲಿಲ್ಲ. ಕೀಬೋರ್ಡ್ ಸತ್ತು ಕೂತಿತು. ನನಗೆ ಕೈಕಾಲು ಬಿದ್ದುಹೋದ ಹಾಗಾಯಿತು. ಆಗ ಕ್ವಾಯರಿನ (ಹಾಡುವ ತಂಡದ) ಹಿರಿಯ ಹೆಂಗಸೊಬ್ಬರು ಯಾರನ್ನೂ ಕೇಳದೆ, ಕೂತಲ್ಲೇ, ಮುಂದಿನ ಹಾಡಿನ ಮೊದಲ ಸಾಲನ್ನು ತಗ್ಗಿದ ದನಿಯಲ್ಲಿ ಎತ್ತಿಕೊಂಡರು. ಎರಡನೇ ಸಾಲಿಗೆ ಇಡೀ ಸಭೆ ಸೇರಿತು. ಆ ದಿನದ ಹಾಡಿಗೆ ಆರ್ಗನ್ ಬೇಕಿರಲಿಲ್ಲ. ಅಷ್ಟು ವರ್ಷ ಅವರನ್ನು ಹಾಡಿಸಿದ್ದರಿಂದಲೇ ಅವರು ನಾನಿಲ್ಲದೆ ಹಾಡಿದರು ಅಂತ ನನಗೆ ಈಗ ಅನ್ನಿಸುತ್ತೆ. ಆವತ್ತು ಮಾತ್ರ ಸುಮ್ಮನೆ ಕೈ ಕಟ್ಟಿ ಕೂತು ಅವರ ಜೊತೆ ಹಾಡಿದೆ.

ಸರಿ, ಓದಿನ ವಿಷಯಕ್ಕೆ ಬರುತ್ತೇನೆ. ವಾರದ ಲೆಕ್ಕ ಹೀಗಿರುತ್ತೆ. ಅಯ್ಯನವರು ಗುರುವಾರವಾದರೂ ಹಾಡಿನ ನಂಬರ್ ಕೊಡಬೇಕು. ಶನಿವಾರ ರಾತ್ರಿ ಒಂಬತ್ತಕ್ಕೆ ಮೆಸೇಜ್ ಬರುವ ಅಭ್ಯಾಸ ಇದ್ದರೆ ಅದನ್ನು ನೀವು ಹೆತ್ತವರಾಗಿ ಹೋಗಿ ಮಾತಾಡಿ ಸರಿ ಮಾಡಿ, ಹುಡುಗಿಗೆ ಅದು ಹೇಳಲು ಆಗಲ್ಲ. ದಿನಾ ಮುಕ್ಕಾಲು ಗಂಟೆ ಅಭ್ಯಾಸ, ಶನಿವಾರ ಸಂಜೆ ಕ್ವಾಯರ್ ಪ್ರಾಕ್ಟೀಸ್, ಭಾನುವಾರ ಬೆಳಿಗ್ಗೆ. ಇಷ್ಟಕ್ಕೆ ಓದು ಹಾಳಾಗಲ್ಲ. ಹಾಳಾಗುವುದು ಸೀಸನ್ನಿನಲ್ಲಿ. ಡಿಸೆಂಬರ್ ಬಂತು ಅಂದರೆ ಕ್ಯಾರಲ್ (ಕ್ರಿಸ್‌ಮಸ್ ಹಾಡು) ಪ್ರಾಕ್ಟೀಸ್, ಮನೆ ಮನೆಗೆ ಕ್ಯಾರಲ್, ಕ್ರಿಸ್‌ಮಸ್ ಬೆಳಗಿನ ಆರಾಧನೆ, 31ರ ರಾತ್ರಿಯ ಆರಾಧನೆ, ಮಾರನೇ ದಿನ ಹೊಸ ವರ್ಷದ್ದು. ಆಮೇಲೆ ಲೆಂಟ್, ಈಸ್ಟರಿಗೆ ಮುಂಚಿನ ಉಪವಾಸ ಕಾಲದ 40 ದಿನ. ಅದು ಸರಿಯಾಗಿ ಪಿಯುಸಿ ಪರೀಕ್ಷೆಯ ಮೇಲೆ ಬಂದು ಕೂರುತ್ತೆ. ಎರಡನೇ ಪಿಯುಸಿ ವರ್ಷ ಲೆಂಟಿನಲ್ಲಿ ಅವಳಿಗೆ ಬಿಡುವು ಬೇಕು ಅಂತ ಈಗಲೇ ಹೇಳಿಡಿ. ಇನ್ನೊಬ್ಬ ಹುಡುಗನೋ ಹುಡುಗಿಯೋ ಜೊತೆಗೆ ತಯಾರಾಗುತ್ತಿರಲಿ. ಒಬ್ಬರ ಮೇಲೇ ಇಡೀ ಸಭೆ ನಿಂತರೆ ಅವರಿಗೆ ಜ್ವರ ಬಂದರೂ ಮಲಗಲು ಆಗಲ್ಲ. ನನಗೆ ಹನ್ನೆರಡು ವರ್ಷ ಹಾಗಾಯಿತು. ಅಣ್ಣನ ಮದುವೆಗೂ ಆರಾಧನೆ ಮುಗಿಸಿಕೊಂಡೇ ಹೋದವನು ನಾನು. ಅದು ಸರಿಯಲ್ಲ ಅಂತ ಈಗ ಗಟ್ಟಿಯಾಗಿ ಹೇಳುತ್ತೇನೆ.

ಮದುವೆಗಳು ಬರುತ್ತವೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮದುಮಗಳು ಬರುವುದು ತಡ ಆಗೇ ಆಗುತ್ತೆ, ಹಾಗಾಗಿ ಅರ್ಧ ಗಂಟೆಯ ಹೆಚ್ಚಿನ ಸಂಗೀತ ಕೈಯಲ್ಲಿರಲಿ. ಒಳಗೆ ಬರುವಾಗ ವಾಗ್ನರ್ ಬರೆದ ಮದುವೆಯ ಸಂಗೀತ, ಹೊರಗೆ ಹೋಗುವಾಗ ಮೆಂಡೆಲ್‌ಸನ್ ಬರೆದದ್ದು ಎಲ್ಲರೂ ಕೇಳುತ್ತಾರೆ. ವಿಕ್ಟೋರಿಯಾ ರಾಣಿಯ ಮಗಳ ಮದುವೆಯಲ್ಲಿ 1858ರಲ್ಲಿ ನುಡಿಸಿದ ಮೇಲೆ ಹಬ್ಬಿದ ಪದ್ಧತಿ ಅದು. ಕಲಿತಿಟ್ಟುಕೊಂಡರೆ ಆಯಿತು.

ಸಾವಿನ ಮನೆ ಹಾಗಲ್ಲ. ಅದಕ್ಕೆ ಅವಳನ್ನು ತಯಾರು ಮಾಡಬೇಕಾದವರು ನೀವು. ಮಧ್ಯಾಹ್ನ ಎರಡಕ್ಕೆ ಫೋನ್ ಬರುತ್ತೆ, ನಾಲ್ಕಕ್ಕೆ ಮಣ್ಣು. ಕೀಬೋರ್ಡ್ ಇರಲ್ಲ, ಕೈ ಹಾರ್ಮೋನಿಯಂ ಎತ್ತಿಕೊಂಡು ಸ್ಮಶಾನಕ್ಕೆ ಹೋಗಬೇಕು. ಒಂದು ಸ್ಟೂಲ್ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ತಿದಿ ಒತ್ತುತ್ತಾ, ಒಂದೇ ಕೈಯಲ್ಲಿ ನುಡಿಸಬೇಕು. ಗಾಳಿಗೆ ಪುಸ್ತಕದ ಹಾಳೆ ಹಾರುತ್ತೆ, ಹಾಗಾಗಿ ಎರಡು ಬಟ್ಟೆ ಕ್ಲಿಪ್ ಜೊತೆಗಿರಲಿ. ಅಲ್ಲಿ ಹಾಡು ಮೇಲೆ ಏಳಲ್ಲ. ಅಳುವ ಗಂಟಲು ಎತ್ತರ ಹೋಗಲ್ಲ, ಹಾಗಾಗಿ ಶ್ರುತಿ ಇಳಿಸಬೇಕು. ನಿಧಾನ ಮಾಡಬೇಕು ಅನ್ನಿಸುತ್ತೆ, ಮಾಡಬಾರದು. ನಡೆಯುವ ವೇಗ ಇರಲಿ. ಹಾಡು ನಡೆಯುತ್ತಿದ್ದರೆ ಜನ ಅದನ್ನು ಹಿಡಿದುಕೊಂಡು ನಿಲ್ಲುತ್ತಾರೆ. ನನ್ನ ಮಾಸ್ತರ ಮಣ್ಣಿನಲ್ಲಿ ನಾನೇ ನುಡಿಸಿದೆ. ಅವರು ಕಲಿಸಿದ ಹಾಗೇ ಸಾಲಿನ ಕೊನೆಯಲ್ಲಿ ಕೈ ಎತ್ತಿದೆ, ಸಾಲಿನ ಒಳಗೆ ಕಾಯಲಿಲ್ಲ. ಅಷ್ಟನ್ನಾದರೂ ಸರಿ ಮಾಡಿದೆ ಅನ್ನುವ ಸಮಾಧಾನ ಇದೆ.

ಮೊದಲ ಒಂದೆರಡು ವರ್ಷ ಇದನ್ನು ಅವಳಿಗೆ ಕೊಡಬೇಡಿ. ಆಮೇಲೆ ತಾನಾಗಿ ಬರುತ್ತೇನೆ ಅಂದರೆ ತಡೆಯಲೂ ಬೇಡಿ.

ಹೊಟ್ಟೆಪಾಡು: ಬರೀ ಚರ್ಚಿನ ಆರ್ಗನ್ನಿನಿಂದ ನಮ್ಮ ಕಡೆ ಸಂಸಾರ ನಡೆಯಲ್ಲ. ಇದನ್ನು ನೇರವಾಗಿ ಹೇಳುವುದೇ ಒಳ್ಳೆಯದು. ಗೌರವಧನ ಅಂತ ಏನೋ ಕೊಡುತ್ತಾರೆ, ಹಲವು ಕಡೆ ಅದೂ ಇರಲ್ಲ. ನಾನು ಇಷ್ಟು ವರ್ಷ ಬೇರೆ ಕೆಲಸ ಮಾಡಿಕೊಂಡೇ ನುಡಿಸಿದ್ದೇನೆ. ಆದರೆ ಸಭೆಯವರು ಒಂದು ಮಾತು ಅರ್ಥ ಮಾಡಿಕೊಳ್ಳಬೇಕು. ದೇವರ ಸೇವೆ ಅಂತ ಹೇಳಿ ಹುಡುಗಿಯ ಆಟೋ ಖರ್ಚು, ಪುಸ್ತಕದ ಖರ್ಚನ್ನೂ ಮನೆಯವರ ಮೇಲೆ ಹಾಕುವುದು ನ್ಯಾಯ ಅಲ್ಲ. ಅವಳ ಮುಂದಿನ ಗ್ರೇಡುಗಳ ಫೀಸನ್ನು ಸಭೆ ಕಟ್ಟಲಿ ಅಂತ ಕೇಳಿ, ಸಂಕೋಚ ಬೇಡ. ನುಡಿಸುವವರು ಬೇಕಾದರೆ ಕಲಿಯುವ ಖರ್ಚಿನಲ್ಲೂ ಪಾಲು ಇರಬೇಕಲ್ವಾ?

ಸಂಗೀತವನ್ನೇ ದುಡಿಮೆ ಮಾಡಿಕೊಳ್ಳುವ ಆಸೆ ಇದ್ದರೆ ದಾರಿಗಳಿವೆ. ಮಕ್ಕಳಿಗೆ ಪಿಯಾನೋ, ಥಿಯರಿ ಹೇಳಿಕೊಡುವುದು. ಪಿಟೀಲು, ಕೊಳಲು, ಹಾಡುಗಾರಿಕೆಯ ಪರೀಕ್ಷೆಗೆ ಹೋಗುವವರಿಗೆ ಜೊತೆ ನುಡಿಸುವುದು. ಹಾಡಿಸಿ ಹಾಡಿಸಿ ಕಿವಿ ಪಳಗಿದ ಆರ್ಗನಿಸ್ಟ್ ಈ ಕೆಲಸದಲ್ಲಿ ಬೇರೆಯವರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ಜರ್ಮನಿಯಲ್ಲಿ ಚರ್ಚ್ ಸಂಗೀತವೇ ಒಂದು ಪದವಿ, ಸಂಬಳದ ಉದ್ಯೋಗ. ಅಲ್ಲಿನ ಆರ್ಗನ್ ಕಟ್ಟುವ ಕಸುಬು ಮತ್ತು ಆರ್ಗನ್ ಸಂಗೀತವನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಷ್ಟು ದೂರದ ಮಾತು ಈಗ ಬೇಡ. ಬೆಂಗಳೂರಿಗೆ ಬಂದಾಗ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚಿಗೆ ಕರೆದುಕೊಂಡು ಹೋಗಿ. ಅಲ್ಲಿ ಹತ್ತೊಂಬತ್ತನೇ ಶತಮಾನದ ಪೈಪ್ ಆರ್ಗನ್ ಇದೆ. ಕೊಳವೆಗಳ ಆ ಸಾಲನ್ನು ಅವಳು ಒಮ್ಮೆ ಹತ್ತಿರದಿಂದ ನೋಡಬೇಕು. ಕೀಬೋರ್ಡಿನ 'ಚರ್ಚ್ ಆರ್ಗನ್' ಬಟನ್ ಯಾವುದರ ನೆರಳು ಅಂತ ಆಗ ತಿಳಿಯುತ್ತೆ.

ಇನ್ನು ಒಬ್ಬಂಟಿ ಆಗುತ್ತಾಳೆ ಅನ್ನುವ ಭಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ, ಯಾಕೆಂದರೆ ನೀವು ಹೆದರುತ್ತಿರುವ ಊರೇ ನನ್ನನ್ನು ಸಂಗೀತಗಾರ ಮಾಡಿದ್ದು. ಧಾರವಾಡದಲ್ಲಿ ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ ಒಬ್ಬರು ತಬಲಾ ಹೇಳಿಕೊಡುತ್ತಿದ್ದರು. ನಾನು ಸಂಜೆ ಕೀಬೋರ್ಡ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಬಾಗಿಲಿಗೆ ಬಂದು, "ಎರಡೂ ಕೈ ಬ್ಯಾರೆ ಬ್ಯಾರೆ ಸ್ವರ ಹೆಂಗ ಬಾರಸ್ತೀರಿ ನೀವು?" ಅಂದರು. ಒಳಗೆ ಬಂದು ಕೂತರು. ಹಾಡಿನಲ್ಲಿ ಒಟ್ಟಿಗೆ ನಡೆಯುವ ನಾಲ್ಕು ದನಿಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದೆ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಿಮ್ಮ ಹಾಡು ಮೂರರ ನಡೆ, ಇದಕ್ಕೆ ದಾದ್ರಾ ಬಾರಸ್ತೀನಿ ಅಂತ ತಬಲಾ ತಂದರು. ದಾದ್ರಾ ಅಂದರೆ ಮೂರು ಮೂರಾಗಿ ನಡೆಯುವ ಆರು ಮಾತ್ರೆಯ ತಾಳ. ಎರಡು ನಿಮಿಷದಲ್ಲಿ ನನ್ನ ಹುಳುಕು ಹೊರಬಿತ್ತು. ಸಾಲಿನ ಕೊನೆಯಲ್ಲಿ ಕೈ ಎತ್ತಿ ಉಸಿರು ಬಿಟ್ಟವನು ಮುಂದಿನ ಸಾಲಿಗೆ ಬರುವಾಗ ಪ್ರತಿ ಸಲ ಚೂರು ತಡವಾಗಿ ಬರುತ್ತಿದ್ದೆ. ಉಸಿರಿಗೂ ಮಾತ್ರೆಯ ಲೆಕ್ಕ ಇರಬೇಕು ಅನ್ನುವುದು ನನಗೆ ಗೊತ್ತಾದದ್ದು ಅವರು ಸಮ್, ಅಂದರೆ ತಾಳದ ಮೊದಲ ಮಾತ್ರೆ, ಹೊಡೆದಾಗ. ಮೆಟ್ರೊನೋಮ್ ಹತ್ತು ವರ್ಷದಲ್ಲಿ ಕಲಿಸದ್ದನ್ನು ಆ ದಾದ್ರಾ ಒಂದು ತಿಂಗಳಲ್ಲಿ ಕಲಿಸಿತು.

ನಿಮ್ಮ ಮಗಳ ವಾದ್ಯಕ್ಕೂ ಆ ಸಂಗೀತಕ್ಕೂ ಹಳೇ ನಂಟಿದೆ. ಹಾರ್ಮೋನಿಯಂ ಹುಟ್ಟಿದ್ದು 1840ರ ಆಸುಪಾಸಿನ ಪ್ಯಾರಿಸ್ಸಿನಲ್ಲಿ. ನಮ್ಮಲ್ಲಿಗೆ ಕಾಲಿನಿಂದ ತುಳಿಯುವ ರೂಪದಲ್ಲಿ ಬಂತು. 1875ರ ಹೊತ್ತಿಗೆ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕೂತು ಕೈಯಿಂದ ತಿದಿ ಒತ್ತುವ ಹಾಗೆ ಮಾಡಿದರು. ಚರ್ಚಿನ ಮೂಲೆಯ ಕಾಲುಪೆಟ್ಟಿಗೆ, ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ, ಗವಾಯಿಗಳ ಪಕ್ಕದ ಪೇಟಿ, ಮೂರೂ ಒಂದೇ ಮನೆತನ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಸ್ವರದಿಂದ ಸ್ವರಕ್ಕೆ ಜಾರಲು ಬರಲ್ಲ, ಶ್ರುತಿ ನಮ್ಮದಲ್ಲ ಅಂತ ದೂರು. ಆ ದೂರಿನಲ್ಲಿ ನಿಜ ಇದೆ. ಆದರೂ ಧಾರವಾಡ ಹುಬ್ಬಳ್ಳಿಯ ಮೆಹಫಿಲ್‌ಗಳಲ್ಲಿ ಪೇಟಿ ಇಲ್ಲದ ಕಛೇರಿ ಕಡಿಮೆ. ಹಾಡುವವರ ಹಿಂದೆ ಅರ್ಧ ಹೆಜ್ಜೆ ಅಂತರದಲ್ಲಿ ನಡೆಯುವ ಒಳ್ಳೆ ಪೇಟಿ ಮಾಸ್ತರರನ್ನು ಅವಳು ಕೂತು ಕೇಳಲಿ. ಅವಳು ಮುಂದೆ ನಡೆದು ಹಾಡಿಸುವವಳು, ಅವರು ಹಿಂದೆ ನಡೆದು ಹಾಡಿಗೆ ಹೆಗಲು ಕೊಡುವವರು. ಎರಡೂ ಗೊತ್ತಿರಬೇಕು. ಚರ್ಚಿನಲ್ಲೇ ಕನ್ನಡ ಭಜನೆ ಬಂದಾಗ ಆ ಎರಡನೇ ವಿದ್ಯೆ ಬೇಕಾಗುತ್ತೆ.

ಅವರ ಜೊತೆ ಕೂತಾಗ ಒಂದು ಎಚ್ಚರಿಕೆ. ರಾಗದ ಕೆಳಗೆ ಕಾರ್ಡ್ ಹಾಕಲು ಹೋಗಬಾರದು. ಮೇಜರ್ ಸ್ಕೇಲ್ ಅಂದರೆ ಬಿಲಾವಲ್ ಥಾಟ್, ಕರ್ನಾಟಕ ಸಂಗೀತದವರ ಶಂಕರಾಭರಣ, ಸ್ವರಗಳು ಅವೇ. ಆದರೆ ಅವೇ ಸ್ವರಗಳ ನಡೆ ಬೇರೆ. ಮೊದಲು ಕಿವಿಗೊಟ್ಟು ಕೇಳಲಿ, ಅವರಾಗಿ ಕೇಳಿದರೆ ಹೇಳಲಿ. ಕೊಡುಕೊಳ್ಳುವುದು ಹೊಸದೇನೂ ಅಲ್ಲ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದ ಮಾತು ಕೂಡಿಸಿ ನೊಟ್ಟುಸ್ವರ ಮಾಡಿದರು. ಅವ್ರ ತಮ್ಮ ಬಾಲುಸ್ವಾಮಿ ಪಿಟೀಲನ್ನು ಕಲಿತು ನಮ್ಮ ಕಛೇರಿಗೆ ತಂದರು. ಆ ಕಡೆಯಿಂದ ಈ ಕಡೆಗೆ ಮಟ್ಟು ಬಂದಿದೆ, ವಾದ್ಯ ಬಂದಿದೆ. ನಿಮ್ಮ ಮಗಳು ಪಕ್ಕದ ಮನೆಗೆ ಹೋಗಿ ಕೂತು ಬರುವುದು ಅದರ ಮುಂದೆ ಎಷ್ಟರ ದಾರಿ?

ಕ್ಯಾರಲ್ ಸಂಜೆಗೆ ಆ ತಬಲಾದವರನ್ನೂ ಪೇಟಿಯವರನ್ನೂ ಕರೆಯಿರಿ. ನಾವು ಕರೆದಿದ್ದೆವು. ನಮ್ಮ ಪಕ್ಕದ ಮನೆಯವರು ಜರಿ ಅಂಚಿನ ಶಾಲು ಹೊದ್ದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಆ ಮೂರರ ನಡೆಯ ಹಾಡು ಬಂದಾಗ ತೊಡೆಯ ಮೇಲೆ ಅವರ ಬೆರಳು ದಾದ್ರಾ ಹಾಕುತ್ತಿದ್ದದ್ದು ನನಗೆ ಆರ್ಗನ್ ಹತ್ತಿರದಿಂದಲೇ ಕಂಡಿತ್ತು.

ಕೊನೆಗೆ ಈ ವಾರ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಹಿರಿಯ ಆರ್ಗನಿಸ್ಟರ ಹತ್ತಿರ ಖಂಡಿತ ಒಂದು ಹಳೇ ನೋಟ್‌ಬುಕ್ ಇರುತ್ತೆ. ಯಾವ ನಂಬರಿನ ಹಾಡಿಗೆ ಯಾವ ರಾಗ, ಯಾವ ಶ್ರುತಿಗೆ ಇಳಿಸಬೇಕು, ಯಾವ ಚರಣ ಬಿಡಬೇಕು, ಯಾರ ಮನೆಯ ಸಾವಿನಲ್ಲಿ ಯಾವುದು ಕೇಳಿದ್ದರು ಅಂತ ಅದರಲ್ಲಿ ಬರೆದುಕೊಂಡಿರುತ್ತಾರೆ. ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋಗಿ. ಆ ಪುಸ್ತಕ ಕೇಳಿ. ಅವರು ಕೊಟ್ಟರೆ ಬರೀ ಫೋಟೋ ತೆಗೆದುಕೊಂಡು ವಾಪಸ್ ಕೊಟ್ಟು ಬಂದುಬಿಡಬೇಡಿ. ಅವರ ಎದುರಿಗೇ ಕೂತು, ಒಂದೊಂದು ಸಾಲನ್ನೂ ಕೇಳಿ ಕೇಳಿ, ಅವಳ ಕೈಯಲ್ಲೇ ಹೊಸ ಪುಸ್ತಕಕ್ಕೆ ಬರೆಸಿ.